ಬೇಸಿಗೆ ಸೂಟಿಯ ನಲವತ್ತು ಮುಂಜಾನೆ

ತೆಲಂಗಾಣದ ಶಾಲೆಗಳು ಏಪ್ರಿಲ್ ಕೊನೆಯ ವಾರದಲ್ಲಿ ಮುಚ್ಚಿದರೆ ಮತ್ತೆ ಬಾಗಿಲು ತೆರೆಯುವುದು ಜೂನ್ 12ಕ್ಕೆ. ಗಡಿಯ ಈಚೆಗೆ ರಾಯಚೂರು, ಯಾದಗಿರಿಯಲ್ಲಿ ಸೂಟಿ ಎರಡು ವಾರ ಮೊದಲೇ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಎರಡೂ ಕಡೆ ಲೆಕ್ಕ ಒಂದೇ, ಸುಮಾರು ಏಳು ವಾರ. ಆದರೆ ಈ ಏಳು ವಾರ ಎಲ್ಲ ಮಕ್ಕಳ ಪಾಲಿಗೂ ಒಂದೇ ತೆರನಾಗಿ ಕಳೆಯುವುದಿಲ್ಲ. ಮೈಸೂರಿನ ರಂಗಾಯಣದಲ್ಲಿ ಚಿಣ್ಣರ ಮೇಳ ನಡೆಯುತ್ತದೆ. ಬೆಂಗಳೂರು, ಹೈದರಾಬಾದಿನ ಬಡಾವಣೆಗಳಲ್ಲಿ ಶುಲ್ಕ ಕಟ್ಟುವ ತಾಯ್ತಂದೆಯರಿಗೆ ಈಜು, ಚಿತ್ರಕಲೆ, ಕರಾಟೆ, ಚದುರಂಗದ ಶಿಬಿರಗಳು ಬೇಕಾದಷ್ಟು. ನಾರಾಯಣಪೇಟ, ಮಕ್ತಲ್, ಗದ್ವಾಲ್ ಸೀಮೆಯ ಕೂಲಿಕಾರರ ಮನೆಯ ಮಕ್ಕಳಿಗೆ ಸೂಟಿ ಎಂದರೆ ಕುರಿ ದನದ ಹಿಂದೆ ಹೋಗುವುದು, ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಮನೆ ಕಾಯುವುದು, ನೀರು ಹೊರುವುದು, ಅಪ್ಪ ಅವ್ವ ಹೋದಲ್ಲಿ ಕೆಲಸಕ್ಕೆ ಕೈ ಹಚ್ಚುವುದು. ಕಾನೂನು ಕೂಡ ಇಲ್ಲಿ ಒಂದು ಕಿಂಡಿ ಬಿಟ್ಟಿದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದನ್ನು ಪೂರ್ತಿ ನಿಷೇಧಿಸಿತಾದರೂ, ಶಾಲೆ ಬಿಟ್ಟ ಮೇಲೆ ಮತ್ತು ರಜೆಯ ದಿನಗಳಲ್ಲಿ, ಅಪಾಯಕಾರಿಯಲ್ಲದ ಮನೆತನದ ಕಸುಬಿನಲ್ಲಿ ಮಗು ನೆರವಾಗಬಹುದು ಎಂದು ಒಪ್ಪಿಕೊಂಡಿತು. ಅಂದರೆ ಮಗುವಿನ ದುಡಿಮೆಗೆ ಊರೂ ಕಾನೂನೂ ಕಣ್ಣು ಮುಚ್ಚುವ ಅತಿ ಉದ್ದದ ಅವಧಿ ಬೇಸಿಗೆಯೇ. ಆ ಅವಧಿಯನ್ನು ಶಾಲೆಯ ಕಡೆಗೆ ತಿರುಗಿಸುವ ಶಕ್ತಿ ಹತ್ತಿರದ ಕಾಲೇಜಿನ ಹುಡುಗ ಹುಡುಗಿಯರಿಗಿದೆ, ಹೊರಗಿನಿಂದ ಬರುವ ಯಾರಿಗಿಂತಲೂ ಹೆಚ್ಚಾಗಿ ಇದೆ ಎಂಬುದು ಈ ಲೇಖನದ ವಾದ. ಆದರೆ ಅದಕ್ಕೆ ಶಿಬಿರದ ಸ್ವರೂಪ ಈಗ ನಾವು ರೂಢಿ ಮಾಡಿಕೊಂಡಿರುವುದಕ್ಕಿಂತ ಬೇರೆಯಾಗಬೇಕು.

ಈ ಸೀಮೆ ಕನ್ನಡಿಗರಿಗೆ ಪರಕೀಯವಲ್ಲ. ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯ ತನಕ ರಾಯಚೂರು ಜಿಲ್ಲೆಯಲ್ಲಿದ್ದವು. ಕೊಡಂಗಲ್, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿದ್ದವು. ಭೀಮೆ ಕೃಷ್ಣೆಯನ್ನು ಕೂಡುವ ತಂಗಡಿಯ ಸುತ್ತಮುತ್ತ, ಕೃಷ್ಣಾ, ಮಾಗನೂರು, ಮಕ್ತಲ್ ಭಾಗದ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ, ಸಂತೆಯ ಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಯ ಓಣಿಗಳಲ್ಲಿ ಉರ್ದು. ಆಡಳಿತದ ನಕ್ಷೆ ಮತ್ತೆ ಮತ್ತೆ ಬದಲಾಗಿದೆ. ಜೋಗುಳಾಂಬ ಗದ್ವಾಲ್ ಜಿಲ್ಲೆ 2016ರ ಅಕ್ಟೋಬರಿನಲ್ಲಿ, ನಾರಾಯಣಪೇಟ ಜಿಲ್ಲೆ 2019ರ ಫೆಬ್ರವರಿಯಲ್ಲಿ ಹುಟ್ಟಿದವು. ಅದಕ್ಕೆ ಮೊದಲು ಎರಡೂ ಮಹಬೂಬನಗರದ ಮಡಿಲಲ್ಲಿದ್ದವು. 2011ರ ಜನಗಣತಿಯನ್ನು ಹೊಸ ಜಿಲ್ಲೆಗಳ ಗಡಿಗೆ ಹೊಂದಿಸಿ ನೋಡಿದಾಗ ಎರಡರಲ್ಲೂ ಅಕ್ಷರಸ್ಥರ ಪ್ರಮಾಣ ಅರ್ಧದ ಆಸುಪಾಸು, ತೆಲಂಗಾಣದಲ್ಲೇ ತೀರಾ ಕೆಳಗೆ. ಗಡಿ ದಾಟಿದರೆ ಯಾದಗಿರಿಯ ಪ್ರಮಾಣ ಶೇಕಡ 51.83, ಅದು ಕರ್ನಾಟಕದಲ್ಲೇ ಅತಿ ಕಡಿಮೆ. ಎರಡು ರಾಜ್ಯಗಳ ಎರಡು ಸರ್ಕಾರಗಳ ಕೆಳಗೆ ಒಂದೇ ನೆಲ, ಒಂದೇ ಬರ, ಒಂದೇ ಗುಳೆ. ಪಾಲಮೂರಿನ, ಅಂದರೆ ಮಹಬೂಬನಗರ ಸೀಮೆಯ ಕೂಲಿಯಾಳುಗಳು ಮೇಸ್ತ್ರಿಯ ಮುಂಗಡ ಹಿಡಿದು ಅಣೆಕಟ್ಟು, ಕಾಲುವೆ, ರಸ್ತೆಗಳ ಕೆಲಸಕ್ಕೆ ದೇಶದ ಉದ್ದಗಲಕ್ಕೂ ಹೋದದ್ದು ಹಳೆಯ ಕತೆಯಾದರೂ, ಸುಗ್ಗಿ ಮುಗಿದ ಮೇಲೆ ಮುಂಬಯಿ, ಪುಣೆ, ಹೈದರಾಬಾದಿಗೆ ಹೊರಡುವ ಮನೆಗಳು ಈಗಲೂ ಉಂಟು. ಗದ್ವಾಲ್ ಭಾಗಕ್ಕೆ ಇನ್ನೊಂದು ತೊಡಕಿದೆ, ಬೀಜದ ಹತ್ತಿ. ಹೈಬ್ರಿಡ್ ಹತ್ತಿಬೀಜ ತಯಾರಾಗಬೇಕಾದರೆ ಒಂದೊಂದು ಮೊಗ್ಗಿನ ಗಂಡುಭಾಗವನ್ನು ಕೈಯಿಂದ ಬಿಡಿಸಿ, ಮರುದಿನ ಬೇರೆ ಗಿಡದ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಗಿಡದ ಎತ್ತರ ಮಕ್ಕಳ ಎತ್ತರ, ಬೆರಳು ಚುರುಕಾಗಿರಬೇಕು, ಕೂಲಿ ಅಗ್ಗವಾಗಿರಬೇಕು. ಹೀಗಾಗಿ ಈ ಕೆಲಸ ಹೆಣ್ಣುಮಕ್ಕಳ ಹೆಗಲಿಗೆ ಬಿತ್ತು. ತೊಂಬತ್ತರ ದಶಕದ ಕೊನೆಯಿಂದ ಸಂಶೋಧಕರು ಇದನ್ನು ದಾಖಲಿಸಿ ದೊಡ್ಡ ಬೀಜ ಕಂಪನಿಗಳ ಮುಂದಿಟ್ಟ ಮೇಲೆ ಪ್ರಮಾಣ ತಗ್ಗಿದೆ, ಪೂರಾ ನಿಂತಿಲ್ಲ. ಕ್ರಾಸಿಂಗ್ ಎಂದು ಕರೆಯುವ ಈ ಪರಾಗ ಸವರುವ ಕೆಲಸದ ಕಾಲ ಮಳೆಗಾಲದ ನಡುಭಾಗ. ಜೂನಿನಲ್ಲಿ ಶಾಲೆಗೆ ಮರಳಿ ಅಲ್ಲಿ ಬೇರೂರದ ಹುಡುಗಿ ಆಗಸ್ಟಿನ ಹೊತ್ತಿಗೆ ಹತ್ತಿಹೊಲದಲ್ಲಿರುತ್ತಾಳೆ. ಅವಳ ಶಾಲೆ ತಪ್ಪುವುದು ಆಗಸ್ಟಿನಲ್ಲಿ ಕಾಣಿಸಿದರೂ ತಪ್ಪಲು ಶುರುವಾದದ್ದು ಮೇ ತಿಂಗಳಲ್ಲಿ.

ರಜೆಯಲ್ಲಿ ಮಕ್ಕಳು ಕಲಿತದ್ದು ಮರೆಯುತ್ತಾರೆ ಎಂಬುದು ಅಮ್ಮಂದಿರಿಗೂ ಮಾಸ್ತರರಿಗೂ ಗೊತ್ತಿರುವ ಸಂಗತಿ. ಅದಕ್ಕೆ ಅಳತೆಯೂ ಸಿಕ್ಕಿದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1982ರಿಂದ ಮಕ್ಕಳ ಒಂದು ತಂಡವನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಮಾಜಶಾಸ್ತ್ರಜ್ಞರು ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಶಾಲೆಯ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಮುಂದುವರಿದು, ಬೇಸಿಗೆಯಲ್ಲಿ ಅಂತರ ಬೆಳೆಯುವುದನ್ನು ಕಂಡರು. ಈ ತೀರ್ಮಾನವನ್ನು ಈಚಿನ ಕೆಲವು ವಿದ್ವಾಂಸರು ಪ್ರಶ್ನಿಸಿದ್ದಾರೆ; ಪರೀಕ್ಷೆ ನಡೆಸುವ ವಿಧಾನ ಬದಲಾದರೆ ಅಂತರದ ಅಳತೆಯೂ ಬದಲಾಗುತ್ತದೆ ಎಂಬುದು ಅವರ ವಾದ, ಅದರಲ್ಲಿ ತಿರುಳಿದೆ. ಆದರೆ ನಮ್ಮ ನಾಡಿನ ಪುರಾವೆ ಬಾಲ್ಟಿಮೋರನ್ನು ನೆಚ್ಚಿಕೊಂಡಿಲ್ಲ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 44 ಜಿಲ್ಲೆಗಳಲ್ಲಿ 16,067 ಸರ್ಕಾರಿ ಶಾಲಾ ಮಕ್ಕಳನ್ನು ಪರಿಶೀಲಿಸಿತು. ಶೇಕಡ 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಸಾಮರ್ಥ್ಯವನ್ನು, ಶೇಕಡ 82ರಷ್ಟು ಮಕ್ಕಳು ಒಂದಾದರೂ ಗಣಿತ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಅದು ಒಂದು ವರ್ಷದ ಮುಚ್ಚುಗಡೆ, ಬೇಸಿಗೆ ಏಳೇ ವಾರ, ನಿಜ. ಆದರೂ ಮನೆಯಲ್ಲಿ ಓದಿಸುವವರಿಲ್ಲದ, ಒಂದು ಪುಸ್ತಕವೂ ಇಲ್ಲದ ಮಗುವಿಗೆ ಶಾಲೆ ಮುಚ್ಚಿದಾಗ ಏನಾಗುತ್ತದೆ ಎಂಬುದನ್ನು ಆ ವರ್ಷ ದೊಡ್ಡದು ಮಾಡಿ ತೋರಿಸಿತು. ಶಾಲೆ ನಡೆಯುತ್ತಿರುವಾಗಲಾದರೂ ಸ್ಥಿತಿ ಎಲ್ಲಿದೆ? ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ 2024ರ ಅಸರ್ ವರದಿಯ ಪ್ರಕಾರ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಅರ್ಧಕ್ಕಿಂತ ಕಡಿಮೆ, ಶೇಕಡ 48.8.

ಹಾಗಾದರೆ ತರಬೇತಿ ಪಡೆದ ಶಿಕ್ಷಕರಿಂದ ಆಗದ್ದು ಹದಿನೆಂಟು ಇಪ್ಪತ್ತು ವರ್ಷದ ವಿದ್ಯಾರ್ಥಿಗಳಿಂದ ಆದೀತೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ಪ್ರಯೋಗವೊಂದು ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2005-06ರಲ್ಲಿ ನಡೆಯಿತು. ‘ಪ್ರಥಮ್’ ಸಂಸ್ಥೆ ಹಳ್ಳಿಗಳಲ್ಲಿ ಓದಿದ ಯುವಜನರನ್ನು ಒಟ್ಟುಗೂಡಿಸಿ, ಕೆಲವೇ ದಿನಗಳ ತರಬೇತಿ ಕೊಟ್ಟು, ಸಂಬಳವಿಲ್ಲದೆ ಓದುವ ತರಗತಿಗಳನ್ನು ನಡೆಸಲು ಬಿಟ್ಟಿತು. ಅವರಲ್ಲಿ ಬಹುಪಾಲು ಕಾಲೇಜು ವಿದ್ಯಾರ್ಥಿಗಳು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಇದರ ಫಲವನ್ನು ಅಳೆದರು. ಮೊದಲು ಏನೂ ಓದಲು ಬಾರದ, ತರಗತಿಗೆ ಬಂದ ಮಕ್ಕಳೆಲ್ಲರೂ ಕೊನೆಗೆ ಅಕ್ಷರಗಳನ್ನಾದರೂ ಗುರುತಿಸತೊಡಗಿದ್ದರು; ತರಗತಿ ಇಲ್ಲದ ಊರುಗಳಲ್ಲಿ ಅಂಥ ಮಕ್ಕಳ ಪೈಕಿ ಆ ಹಂತ ಮುಟ್ಟಿದವರು ನೂರಕ್ಕೆ ನಲವತ್ತು. ಇದು ಸಣ್ಣ ಮಾತಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಆ ಹಳ್ಳಿಗಳ ಒಟ್ಟು ಮಕ್ಕಳಲ್ಲಿ ತರಗತಿಗೆ ಬಂದವರು ನೂರಕ್ಕೆ ಎಂಟೇ ಮಂದಿ, ಅತಿ ಹಿಂದುಳಿದವರಲ್ಲೂ ಬಹಳಷ್ಟು ಮಂದಿ ಹೊರಗೇ ಉಳಿದರು. ಕಲಿಸುವುದು ಕಷ್ಟವಾಗಲಿಲ್ಲ, ಕರೆತರುವುದು ಕಷ್ಟವಾಯಿತು.

ಬಿಹಾರದಲ್ಲಿ 2008ರ ಬೇಸಿಗೆಯ ಪ್ರಯೋಗ ಇನ್ನೂ ಹೆಚ್ಚು ಹೇಳುತ್ತದೆ. ಅಲ್ಲಿ ಒಂದು ತಿಂಗಳ ಶಿಬಿರ ನಡೆಸಿದವರು ಸರ್ಕಾರಿ ಶಿಕ್ಷಕರೇ, ಊರಿನ ಸ್ವಯಂಸೇವಕರು ಅವರ ಬೆನ್ನಿಗಿದ್ದರು. ತರಗತಿಯ ಸಂಖ್ಯೆ ಮರೆತು, ಅಕ್ಷರ ಬಾರದವರು ಒಂದು ಕಡೆ, ಪದ ಓದುವವರು ಇನ್ನೊಂದು ಕಡೆ ಎಂದು ಮಗು ನಿಂತ ಹಂತದಿಂದಲೇ ಕಲಿಸಿದರು. ಆ ಒಂದೇ ತಿಂಗಳಲ್ಲಿ ಓದು ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಅದೇ ವಿಧಾನವನ್ನು, ಅದೇ ಸಾಮಗ್ರಿಯನ್ನು ಶಾಲೆಯ ದಿನಗಳಲ್ಲಿ ಶಿಕ್ಷಕರ ಕೈಗೆ ಕೊಟ್ಟಾಗ ಫಲ ಸಿಗಲಿಲ್ಲ. ಅವರು ಪಠ್ಯ ಮುಗಿಸುವ ಓಟಕ್ಕೆ ಮರಳಿದ್ದರು. ಬೇಸಿಗೆಯ ವಿಶೇಷ ಇರುವುದು ಇಲ್ಲಿಯೇ. ಏಪ್ರಿಲಿನಿಂದ ಜೂನಿನ ತನಕ ಪಠ್ಯಕ್ರಮದ ಹಂಗಿಲ್ಲ, ಪರೀಕ್ಷೆಯ ಭಯವಿಲ್ಲ, ತನಿಖಾಧಿಕಾರಿಯ ಭೇಟಿಯಿಲ್ಲ. ಐದನೆಯ ತರಗತಿಯ ಹುಡುಗ ಕಾಗುಣಿತ ತಿದ್ದಲು ಕೂತರೆ ನಗುವವರಿಲ್ಲ. ನಾವು ಖಾಲಿ ಎಂದುಕೊಂಡಿರುವ ಕಾಲವೇ ಹಿಂದುಳಿದ ಮಗುವಿಗೆ ವರ್ಷದಲ್ಲೇ ಅತಿ ಹದವಾದ ಕಾಲ.

ಈ ಮಾತನ್ನು ತೆಲುಗು ನೆಲದಲ್ಲೇ ಬಹಳ ಮೊದಲು ಮಾಡಿ ತೋರಿಸಿದವರು ಹೈದರಾಬಾದ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಶಾಂತಾ ಸಿನ್ಹಾ. ಅವರ ಎಂ. ವೆಂಕಟರಂಗಯ್ಯ ಪ್ರತಿಷ್ಠಾನ 1991ರಲ್ಲಿ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಜೀತದ ಮಕ್ಕಳನ್ನು ಬಿಡಿಸಿ ಶಿಬಿರಗಳಿಗೆ ತಂದು, ಅಲ್ಲಿಂದ ವಯಸ್ಸಿಗೆ ತಕ್ಕ ತರಗತಿಗೆ ದಾಟಿಸಿತು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂಬ ಅವರ ನಿಲುವು ಆಗ ಅತಿಯಾಗಿ ಕೇಳಿಸಿತ್ತು. 2003ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 2007ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷೆಯಾದರು, ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮು ಶಾಲೆ ತಪ್ಪಿದ ಮಗುವಿಗೆ ವಿಶೇಷ ತರಬೇತಿ ಕೊಟ್ಟು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂದು ಹೇಳಿತು. ಆ ಪ್ರತಿಷ್ಠಾನದ ಬಲವೆಲ್ಲ ಇದ್ದದ್ದು ಊರಿನಲ್ಲೇ ಮೊದಲ ತಲೆಮಾರಿಗೆ ಓದು ಕಂಡ ಯುವಕ ಯುವತಿಯರಲ್ಲಿ. ಮನೆಮನೆಗೆ ಹೋಗಿ ತಾಯ್ತಂದೆಯರೊಡನೆ, ಧಣಿಯೊಡನೆ, ಪಂಚಾಯಿತಿಯೊಡನೆ ಮಾತಾಡಿ ಮಗುವನ್ನು ಬಿಡಿಸಿ ತರುತ್ತಿದ್ದವರು ಅವರು. ಕರ್ನಾಟಕದಲ್ಲೂ 2001ರ ಸುಮಾರಿಗೆ ‘ಚಿಣ್ಣರ ಅಂಗಳ’ ಎಂಬ ಹೆಸರಿನಲ್ಲಿ ಬೇಸಿಗೆಯ ಅರವತ್ತು ದಿನಗಳ ಸೇತುಬಂಧ ಶಿಬಿರಗಳು ನಡೆದು, ಜೂನಿನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವ ಕೆಲಸ ಆಯಿತು. ಜೌನ್‌ಪುರದಲ್ಲಿ ಇಲ್ಲದೇ ಹೋದ ಕೊಂಡಿ, ಅಂದರೆ ಮನೆಯಿಂದ ಕರೆತರುವುದು ಮತ್ತು ಕೊನೆಗೆ ಶಾಲೆಗೆ ಒಪ್ಪಿಸುವುದು, ಈ ಎರಡು ಪ್ರಯತ್ನಗಳಲ್ಲಿತ್ತು. ನಮ್ಮಲ್ಲಿ ಈಗ ಸಾಮಾನ್ಯವಾಗಿ ನಡೆಯುವ ವಿದ್ಯಾರ್ಥಿ ಸೇವಾ ಶಿಬಿರಗಳಲ್ಲಿ ಇಲ್ಲದಿರುವುದೂ ಇದೇ. ಪಟ್ಟಣದಿಂದ ಬಸ್ಸಿನಲ್ಲಿ ಬಂದು, ಐದು ದಿನ ಹಾಡು ಕುಣಿತ ಕಲಿಸಿ, ಬಣ್ಣದ ಕಾಗದ ಹಂಚಿ, ಸಮಾರೋಪದ ಭಾಷಣ ಮುಗಿಸಿ ಹೋಗುವ ಶಿಬಿರದಿಂದ ಮಕ್ಕಳಿಗೆ ಐದು ದಿನದ ಸಂತೋಷ ಸಿಗುತ್ತದೆ. ಅದನ್ನು ಹೀಗಳೆಯಬೇಕಿಲ್ಲ. ಆದರೆ ಮಗುವಿನ ಆಗಸ್ಟ್ ತಿಂಗಳು ಅದರಿಂದ ಬದಲಾಗುವುದಿಲ್ಲ.

ಅದಕ್ಕಾಗಿಯೇ ಹತ್ತಿರದ ವಿದ್ಯಾರ್ಥಿ ಬೇಕು ಎನ್ನುವುದು. ಗದ್ವಾಲಿನಲ್ಲಿ ಸಂಸ್ಥಾನದ ಕೊನೆಯ ರಾಣಿ ಆದಿಲಕ್ಷ್ಮಿ ದೇವಮ್ಮನವರ ಹೆಸರಿನ ಸರ್ಕಾರಿ ಪದವಿ ಕಾಲೇಜಿದೆ, ನಾರಾಯಣಪೇಟದಲ್ಲಿ ಕಾಲೇಜುಗಳಿವೆ, ಕೃಷ್ಣಾ ಭಾಗದ ಹುಡುಗರಿಗೆ ಸೇತುವೆ ದಾಟಿದರೆ ರಾಯಚೂರು. ಈ ಕಾಲೇಜುಗಳ ಎಷ್ಟೋ ವಿದ್ಯಾರ್ಥಿಗಳು ಅದೇ ಹಳ್ಳಿಗಳಿಂದ, ಅಂಥದೇ ಮನೆಗಳಿಂದ ಬಂದವರು. ಮೇಸ್ತ್ರಿಯ ಮುಂಗಡ ಎಂದರೇನು, ಅದು ತೀರದೆ ಮಗು ಯಾಕೆ ಬಿಡುಗಡೆಯಾಗುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಭಾಷೆಯ ವಿಷಯದಲ್ಲಂತೂ ಅವರಿಗೆ ಸಾಟಿಯಿಲ್ಲ. ಕೃಷ್ಣಾ ಮಂಡಲದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯ ಮಗು ಮನೆಯಲ್ಲಿ ಆಡುವ ಕನ್ನಡ ಪುಸ್ತಕದ ಕನ್ನಡವಲ್ಲ; ತೆಲುಗು ಶಾಲೆಗೆ ಹೋಗುವ ಕನ್ನಡದ ಮಗುವಿಗೆ, ಯಾವ ಶಾಲೆಗೆ ಹೋದರೂ ಪರಭಾಷೆಯೇ ಎದುರಾಗುವ ತಾಂಡಾದ ಮಗುವಿಗೆ ಮೊದಲ ಮೆಟ್ಟಿಲೇ ಎತ್ತರ. “ಇದ್ಕ ನಿಮ್ಮನ್ಯಾಗ ಏನಂತಾರ?” ಎಂದು ಕೇಳಿ, ಆ ಮಾತಿನಿಂದಲೇ ಅಕ್ಷರಕ್ಕೆ ದಾರಿ ಮಾಡುವವರು ಬೇಕು. ಹೈದರಾಬಾದಿನ ದೊಡ್ಡ ಕಾಲೇಜಿನ ಒಳ್ಳೆಯ ಮನಸ್ಸಿನ ವಿದ್ಯಾರ್ಥಿಗೆ ಇದು ಸುಲಭವಾಗಿ ಬರುವುದಲ್ಲ, ಮಾಗನೂರಿನ ಬಿ.ಎ. ವಿದ್ಯಾರ್ಥಿನಿಗೆ ಇದು ದಿನದ ಬದುಕು. ಕನ್ನಡ ತೆಲುಗು ಲಿಪಿಗಳು ಒಂದೇ ಬಳ್ಳಿಯ ಎರಡು ಕವಲುಗಳಾದ್ದರಿಂದ ಒಂದನ್ನು ಬಲ್ಲವರು ಇನ್ನೊಂದನ್ನು ಬೇಗ ಹಿಡಿಯುತ್ತಾರೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಎರಡೂ ಭಾಷೆಗಳ ಮಕ್ಕಳ ಕತೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿ ಹಂಚಲು ಯಾರ ಅಪ್ಪಣೆಯೂ ಬೇಕಿಲ್ಲ.

ಸೂಟಿಯಲ್ಲೂ ಓದೇ? ಮಕ್ಕಳನ್ನು ಆಡಲು ಬಿಡಬಾರದೇ? ಈ ಆಕ್ಷೇಪ ಪ್ರೀತಿಯಿಂದ ಬರುವಂಥದು, ಅದಕ್ಕೆ ಗೌರವದಿಂದಲೇ ಉತ್ತರಿಸಬೇಕು. ಆಟ ಮಗುವಿನ ಹಕ್ಕು. ಆದರೆ ಈ ಮಕ್ಕಳ ಸೂಟಿಯಲ್ಲಿ ಆಟವನ್ನು ನುಂಗುವುದು ಓದಲ್ಲ, ದುಡಿಮೆ. ಶಿಬಿರ ಇದ್ದರೆ ಬೆಳಗಿನ ಮೂರು ತಾಸಾದರೂ ಅವರಿಗೆ ಗೆಳೆಯರು ಸಿಗುತ್ತಾರೆ. ಚೌಕಾಬಾರದ ಕವಡೆ ಎಣಿಸುತ್ತ ಕೂಡುವುದು ಕಳೆಯುವುದು ಕಲಿಯಬಹುದು, ಲಗೋರಿಯ ಲೆಕ್ಕ ಇಡಬಹುದು, ಅಜ್ಜಿ ಹೇಳಿದ ಕತೆಯನ್ನು ಬರೆದು ಚಿತ್ರ ಬಿಡಿಸಿ ಪುಸ್ತಕ ಮಾಡಬಹುದು. ಮುಂಗೈ ಅಗಲದ ಕಪ್ಪು ಹಲಗೆಯ ಮುಂದೆ ಕೂಡಿಸಿ ಮಗ್ಗಿ ಒಪ್ಪಿಸುವುದೇ ಓದಿಸುವುದು ಎಂದುಕೊಂಡಿರುವ ಸ್ವಯಂಸೇವಕನನ್ನು ಮನೆಗೆ ಕಳಿಸುವುದೇ ಮೇಲು. ಬೇಸಿಗೆಯ ಓದು ಬೇರೆ ತೆರನಾಗಿರಬಲ್ಲದು ಎಂಬುದಕ್ಕೆ ಉದಾಹರಣೆಗಳಿವೆ. 1964ರ ಬೇಸಿಗೆಯಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಕಪ್ಪು ಜನರ ಮಕ್ಕಳಿಗಾಗಿ ನಲವತ್ತಕ್ಕೂ ಹೆಚ್ಚು ‘ಫ್ರೀಡಂ ಸ್ಕೂಲ್’ಗಳು ನಡೆದವು, ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಬಂದರು, ಕಲಿಸಿದವರಲ್ಲಿ ಹಲವರು ಉತ್ತರದ ಕಾಲೇಜುಗಳಿಂದ ಬಂದ ವಿದ್ಯಾರ್ಥಿಗಳು. ಓದುಬರಹದ ಜೊತೆಗೆ ನಮ್ಮ ಶಾಲೆ ಯಾಕೆ ಹೀಗಿದೆ, ನಮಗೆ ಯಾವುದು ಸಿಕ್ಕಿಲ್ಲ ಎಂದು ಮಕ್ಕಳು ಕೇಳಿಕೊಳ್ಳುವುದೇ ಅಲ್ಲಿ ಪಾಠವಾಗಿತ್ತು. ಇತ್ತ ಹೈದರಾಬಾದಿನ ‘ವಾಯ್ಸ್ ಫಾರ್ ಗರ್ಲ್ಸ್’ ಸಂಸ್ಥೆ ತೆಲಂಗಾಣದ ಸರ್ಕಾರಿ ವಸತಿ ಶಾಲೆಗಳ ಹುಡುಗಿಯರಿಗೆ ನಡೆಸುವ ಶಿಬಿರಗಳಲ್ಲಿ ಕಾಲೇಜು ಹುಡುಗಿಯರೇ ಅಕ್ಕಂದಿರಾಗಿ ನಿಂತು ಮೈ ಬೆಳೆಯುವ ಬಗೆ, ಆರೋಗ್ಯ, ಹಕ್ಕು, ಮುಂದಿನ ಓದಿನ ಬಗ್ಗೆ ಮಾತಾಡುತ್ತಾರೆ. ಇದು ಬೇಸಿಗೆಗೆ ತಕ್ಕ ಮಾತೂ ಹೌದು. ಏಪ್ರಿಲ್ ಮೇ ಮದುವೆಯ ಕಾಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇಕಡ 23.5 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಸೂಟಿಯಲ್ಲಿ ದಿನವೂ ಭೇಟಿಯಾಗುವ ಒಬ್ಬ ಅಕ್ಕ ಇದ್ದರೆ, ಮನೆಯಲ್ಲಿ ಮಾತುಕತೆ ನಡೆದಿದೆ ಎಂಬ ಸುದ್ದಿ ಅವಳ ಕಿವಿಗೆ ಮೊದಲು ಬೀಳುತ್ತದೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗುತ್ತದೆ.

ಇದಕ್ಕಿಂತ ಭಾರವಾದ ಆಕ್ಷೇಪ ಬೇರೆಯಿದೆ. ಶಿಕ್ಷಕರನ್ನು ನೇಮಿಸುವುದು ಸರ್ಕಾರದ ಕರ್ತವ್ಯ. ವಿದ್ಯಾರ್ಥಿಗಳು ಪುಕ್ಕಟೆ ಕೆಲಸಕ್ಕೆ ನಿಂತರೆ ಸರ್ಕಾರಕ್ಕೆ ಕೈತೊಳೆದುಕೊಳ್ಳಲು ದಾರಿಯಾಗುವುದಿಲ್ಲವೇ? ಆಗುತ್ತದೆ; ಎಚ್ಚರ ತಪ್ಪಿದರೆ ಆಗಿಯೇ ಆಗುತ್ತದೆ. ‘ವಿದ್ಯಾ ವಾಲಂಟಿಯರ್’ ಎಂಬ ಹೆಸರಿನಲ್ಲಿ ಕಡಿಮೆ ಗೌರವಧನಕ್ಕೆ ಖಾಲಿ ಹುದ್ದೆಗಳನ್ನು ತುಂಬಿದ ಅನುಭವ ತೆಲುಗು ರಾಜ್ಯಗಳಿಗಿದೆ. ಉತ್ತರಾಖಂಡದಲ್ಲಿ ಓದು ಕಲಿಸಲೆಂದು ಬಂದ ಸ್ವಯಂಸೇವಕರನ್ನು ಶಾಲೆಗಳು ದಿನದ ಪಾಠಕ್ಕೇ ಹಚ್ಚಿಕೊಂಡವು, ಮಕ್ಕಳ ಓದಿನಲ್ಲಿ ಏನೂ ಸುಧಾರಣೆ ಕಾಣಲಿಲ್ಲ ಎಂಬುದೂ ಪ್ರಥಮ್‌ನ ಪ್ರಯೋಗಗಳಿಂದಲೇ ಹೊರಬಿದ್ದ ಸತ್ಯ. ಆದ್ದರಿಂದ ಗೆರೆ ಸ್ಪಷ್ಟವಾಗಿರಬೇಕು: ವಿದ್ಯಾರ್ಥಿಯ ಕೆಲಸ ಏಪ್ರಿಲ್ ಕೊನೆಗೆ ಶುರು, ಜೂನ್ 12ಕ್ಕೆ ಮುಕ್ತಾಯ. ಶಾಲೆ ತೆರೆದ ಮೇಲೆ ತರಗತಿಯೊಳಗೆ ಅವನಿಗೆ ಜಾಗವಿಲ್ಲ. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಬೇಕೆಂಬ ಬೇಡಿಕೆ ಶಿಬಿರದಿಂದ ಮೆದುವಾಗಬಾರದು. ಹಾಗೆ ನೋಡಿದರೆ ಅದು ಇನ್ನಷ್ಟು ಗಟ್ಟಿಯಾಗಬೇಕು, ಏಕೆಂದರೆ ಯಾವ ಊರಿನಲ್ಲಿ ಯಾವ ಮಗುವಿಗೆ ಎಲ್ಲಿಯ ತನಕ ಓದಲು ಬರುತ್ತದೆ ಎಂಬ ಹೆಸರು ಸಹಿತ ಲೆಕ್ಕ ಮೊದಲ ಸಲ ಊರಿನವರ ಕೈಯಲ್ಲಿರುತ್ತದೆ.

ವಿದ್ಯಾರ್ಥಿಗಳಿಗೆ ಪುರುಸೊತ್ತೆಲ್ಲಿ, ಅವರ ಸೆಮಿಸ್ಟರ್ ಪರೀಕ್ಷೆಯೂ ಆಗಲೇ ಅಲ್ಲವೇ ಎಂದು ಪ್ರಾಧ್ಯಾಪಕರು ಕೇಳುತ್ತಾರೆ. ಪದವಿಯವರ ಮಟ್ಟಿಗೆ ಇದು ನಿಜವಾದ ಅಡ್ಡಿ. ಆದರೆ ತೆಲಂಗಾಣದಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆ ಮಾರ್ಚಿನಲ್ಲಿ ಮುಗಿಯುತ್ತದೆ, ಕರ್ನಾಟಕದ ಪಿಯುಸಿಯೂ ಹಾಗೆಯೇ. ಅಲ್ಲಿಂದ ಕಾಲೇಜು ಸೇರುವ ತನಕ ಆ ಮಕ್ಕಳು ಬಿಡುವಾಗಿರುತ್ತಾರೆ. ಪ್ರವೇಶ ಪರೀಕ್ಷೆಗಳಿಗೆ ಕೂರುವವರನ್ನು ಬಿಟ್ಟರೂ ಉಳಿದವರ ಸಂಖ್ಯೆ ಚಿಕ್ಕದಲ್ಲ. ಪದವಿ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಸೇವಾ ಯೋಜನೆಯ ದಾರಿಯಿದೆ. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಈ ಯೋಜನೆಯಲ್ಲಿ ವಿದ್ಯಾರ್ಥಿ ಎರಡು ವರ್ಷಕ್ಕೆ 240 ಗಂಟೆ, ಅಂದರೆ ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಈ 120 ಗಂಟೆಗಳು ಈಗ ಜಾಥಾ, ಗಿಡ ನೆಡುವುದು, ಆವರಣ ಗುಡಿಸುವುದು ಎಂದು ವರ್ಷದುದ್ದಕ್ಕೂ ಚೂರುಚೂರಾಗಿ ಹಂಚಿಹೋಗುತ್ತವೆ. ದಿನಕ್ಕೆ ಮೂರು ಗಂಟೆಯಂತೆ ನಲವತ್ತು ದಿನ ಕೂಡಿದರೆ ಸರಿಯಾಗಿ 120 ಗಂಟೆ. 2008ರಲ್ಲಿ ಸ್ಥಾಪನೆಯಾದ ಪಾಲಮೂರು ವಿಶ್ವವಿದ್ಯಾಲಯ ಇರುವುದೇ ಈ ಸೀಮೆಗಾಗಿ. ಗಡಿಯ ಈಚೆ ರಾಯಚೂರಿನಲ್ಲೂ ಈಗ ವಿಶ್ವವಿದ್ಯಾಲಯವಿದೆ. ಇಬ್ಬರು ಕುಲಪತಿಗಳು ಪರೀಕ್ಷೆಯ ವೇಳಾಪಟ್ಟಿಯನ್ನು ಸ್ವಲ್ಪ ಸರಿಸಿ, ಬೇಸಿಗೆಯ ಓದಿನ ಶಿಬಿರವನ್ನು ಸೇವಾ ಗಂಟೆಗಳ ಲೆಕ್ಕಕ್ಕೆ ತೆಗೆದುಕೊಂಡರೆ ಹೊಸ ಯೋಜನೆಯೂ ಬೇಡ, ಹೊಸ ಅನುದಾನವೂ ಹೆಚ್ಚೇನೂ ಬೇಡ. ಗಂಟೆಗಾಗಿ ಬರುವವರು, ಪ್ರಮಾಣಪತ್ರಕ್ಕಾಗಿ ಬರುವವರು ಅವರಲ್ಲಿ ಇದ್ದೇ ಇರುತ್ತಾರೆ. ಇರಲಿ. ಯಾವ ಆಸೆಯಿಂದ ಬಂದರೂ ಮಗುವಿನ ಎದುರು ನಲವತ್ತು ಮುಂಜಾನೆ ಕೂತವರು ಓದಿಸಿಯೇ ಇರುತ್ತಾರೆ. ಕೈಬಿಟ್ಟು ಹೋಗುವವರೂ ಇರುತ್ತಾರೆ. ಅದಕ್ಕೇ ಒಂದು ಊರಿಗೆ ಇಬ್ಬರಾದರೂ, ಅವರಲ್ಲಿ ಒಬ್ಬಳಾದರೂ ಹುಡುಗಿ ಇರಬೇಕು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದಲೂ ಒಬ್ಬರೇ ದೊಡ್ಡವರು ಮಕ್ಕಳೊಡನೆ ಇರುವ ಏರ್ಪಾಡು ಸಲ್ಲದು. ಶಿಬಿರ ಶಾಲೆಯ ಅಂಗಳದಲ್ಲೋ ಪಂಚಾಯಿತಿ ಕಟ್ಟೆಯ ಮೇಲೋ, ನಾಲ್ಕು ಜನ ಕಾಣುವ ಕಡೆಯೇ ನಡೆಯಬೇಕು.

ಉಳಿದದ್ದು ಬಿಸಿಲು ಮತ್ತು ಹಸಿವು. ಇವೆರಡನ್ನು ಲೆಕ್ಕಕ್ಕೆ ಹಿಡಿಯದ ಯೋಜನೆ ಈ ಸೀಮೆಯಲ್ಲಿ ಒಂದು ವಾರವೂ ನಿಲ್ಲದು. ಮೇ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ಮಕ್ಕಳನ್ನು ಹೊರಗಿರಿಸುವುದು ಅಪಾಯ. ಏಳಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯಬೇಕು. ಹಸಿದು ಬಂದ ಮಗು ಅಕ್ಷರ ನೋಡುವುದಿಲ್ಲ. ಬರ ಬಿದ್ದಿದ್ದ 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸ್ವರಾಜ್ ಅಭಿಯಾನ ಎಂಬ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ, ಬರಪೀಡಿತ ಪ್ರದೇಶಗಳ ಶಾಲೆಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಯಬೇಕೆಂದು ಆದೇಶಿಸಿತು. ಅಡುಗೆಮನೆ ಅಲ್ಲೇ ಇದೆ, ಅಡುಗೆಯವರು ಅದೇ ಊರಿನವರು. ಬರದ ವರ್ಷ ಸಾಧ್ಯವಾದದ್ದು ಉಳಿದ ವರ್ಷಗಳಲ್ಲೂ ಸಾಧ್ಯವಾಗಬೇಕು. ಒಂದು ಬಟ್ಟಲು ಅಂಬಲಿ, ಮಜ್ಜಿಗೆ, ಒಂದು ಮೊಟ್ಟೆ ಇದ್ದರೆ ಮಗುವನ್ನು ಕಳಿಸಲು ಅವ್ವನಿಗೆ ಕಾರಣ ಸಿಗುತ್ತದೆ. ತಂಗಿಯನ್ನು ನೋಡಿಕೊಳ್ಳಬೇಕಾದ ಹುಡುಗಿಗೆ ತಂಗಿಯನ್ನೂ ಕರೆದುಕೊಂಡು ಬಾ ಎನ್ನಬೇಕು. ಮೂಲೆಯಲ್ಲಿ ನಾಲ್ಕು ಆಟಿಕೆ, ಒಂದು ಚಾಪೆ ಸಾಕು. ಇಷ್ಟು ಮಾಡದಿದ್ದರೆ ಶಿಬಿರಕ್ಕೆ ಬರುವವರು ಬಾರದಿದ್ದರೂ ನಡೆಯುತ್ತಿದ್ದ ಮಕ್ಕಳು ಮಾತ್ರ. ಗುಳೆ ಹೋದ ಮನೆಗಳದು ಇನ್ನೂ ಕಠಿಣ ಸಂಗತಿ. ಅಜ್ಜ ಅಜ್ಜಿಯ ಬಳಿ ಉಳಿದ ಮಕ್ಕಳು ಸಿಗುತ್ತಾರೆ, ಜೊತೆಗೆ ಹೋದವರು ಮೇ ಕೊನೆಗೋ ಜೂನಿಗೋ ಮುಂಗಾರಿನ ಹೊತ್ತಿಗೆ ಮರಳುತ್ತಾರೆ. ಅವರ ಪಾಲಿಗೆ ಶಿಬಿರ ಹದಿನೈದೇ ದಿನದ್ದಾಗಬಹುದು. ಆದರೂ ತಿಂಗಳುಗಟ್ಟಲೆ ಪುಸ್ತಕ ಮುಟ್ಟದೆ ನೇರವಾಗಿ ತರಗತಿಗೆ ಹೋಗಿ ಕೂರುವುದಕ್ಕೂ, ಹದಿನೈದು ದಿನ ಓದು ಹಿಡಿದು ಹೋಗಿ ಕೂರುವುದಕ್ಕೂ ವ್ಯತ್ಯಾಸವಿದೆ.

ಈ ಎಲ್ಲದರಲ್ಲಿ ಕರ್ನಾಟಕದ ಪಾಲೇನು ಎಂಬುದನ್ನೂ ಕೇಳಬೇಕು. ಗಡಿನಾಡ ಕನ್ನಡದ ಬಗ್ಗೆ ನಮ್ಮ ಕಾಳಜಿ ಹೆಚ್ಚಾಗಿ ನವೆಂಬರಿನಲ್ಲಿ, ಉತ್ಸವ ಸನ್ಮಾನಗಳ ರೂಪದಲ್ಲಿ ವ್ಯಕ್ತವಾಗುತ್ತದೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಂಥ ಸಂಸ್ಥೆ, ರಾಯಚೂರು ಯಾದಗಿರಿಯ ಕಾಲೇಜುಗಳು, ಕನ್ನಡ ಸಂಘಗಳು ಮೇ ತಿಂಗಳಲ್ಲಿ ಕೃಷ್ಣಾ, ಮಾಗನೂರು, ಮಕ್ತಲ್ ಹಳ್ಳಿಗಳಿಗೆ ಕನ್ನಡ ಕತೆಪುಸ್ತಕಗಳನ್ನೂ ಅಲ್ಲಿನದೇ ವಿದ್ಯಾರ್ಥಿಗಳಿಗೆ ಒಂದು ವಾರದ ತರಬೇತಿಯನ್ನೂ ಕೊಡಬಹುದು. ಕನ್ನಡದ ಮಕ್ಕಳಿಗೆ ಮಾತ್ರ ಎಂದು ಬೇಲಿ ಹಾಕಬಾರದು; ಅದೇ ಅಂಗಳದಲ್ಲಿ ತೆಲುಗಿನ, ಲಂಬಾಣಿಯ, ಉರ್ದುವಿನ ಮಕ್ಕಳೂ ಇರುತ್ತಾರೆ, ಅವರ ಹಸಿವೂ ಅವರ ಹತ್ತಿಹೊಲವೂ ಒಂದೇ. ಜೂನ್ ಮೊದಲ ವಾರ ಪ್ರತಿ ಶಿಬಿರದಿಂದ ಒಂದು ಪಟ್ಟಿ ಸಿದ್ಧವಾಗಬೇಕು: ಮಗುವಿನ ಹೆಸರು, ಓದಿನ ಹಂತ, ಮನೆಯವರ ಗುಳೆಯ ತಿಂಗಳು, ಬೀಜದ ಹತ್ತಿಗೆ ಮುಂಗಡ ಹಿಡಿದಿದ್ದರೆ ಅದು. ಒಂದು ಪ್ರತಿ ಮುಖ್ಯೋಪಾಧ್ಯಾಯರಿಗೆ, ಒಂದು ಪಂಚಾಯಿತಿಗೆ, ಒಂದು ಮಂಡಲ ಶಿಕ್ಷಣಾಧಿಕಾರಿಗೆ. ಆಗಸ್ಟಿನಲ್ಲಿ ಅದೇ ವಿದ್ಯಾರ್ಥಿಗಳು ಒಂದು ಭಾನುವಾರ ಊರಿಗೆ ಹೋಗಿ, ಪಟ್ಟಿಯಲ್ಲಿದ್ದ ಯಾರು ಶಾಲೆಯಲ್ಲಿದ್ದಾರೆ, ಯಾರು ಇಲ್ಲ ಎಂದು ಗುರುತು ಹಾಕಿಕೊಂಡು ಬಂದರೆ, ಮುಂದಿನ ಬೇಸಿಗೆಯ ಶಿಬಿರ ಯಾವ ಮನೆಯ ಬಾಗಿಲಿನಿಂದ ಶುರುವಾಗಬೇಕು ಎಂಬುದು ಆಗಲೇ ಗೊತ್ತಾಗಿರುತ್ತದೆ.